ಧನಪಾಲ್ ಮೇಷ್ಟ್ರ ಕಂಪ್ಯೂಟರ್ ಮೂಕವಾದದ್ದು

ಅಜ್ಜಂಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವ ಧನಪಾಲ್ ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣಿಲ್ಲ. ಹಾಗಂತ ಯಾರಾದರೂ ಅಯ್ಯೋ ಪಾಪ ಅಂದರೋ, ಅವರಿಗೆ ಮೈಯೆಲ್ಲ ಉರಿಯುತ್ತದೆ. ಅವರ ಹಳೇ ಲಿನಕ್ಸ್ ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ. ಅದೂ ಎಂಥ ವೇಗ ಅಂತೀರಿ, ಪಕ್ಕದಲ್ಲಿ ಕೂತವರಿಗೆ ಒಂದು ಮಾತೂ ತಿಳಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಪ್ರತಿಮಾ ಪುಸ್ತಕಗಳನ್ನು ಓದಿ ಓದಿ ಇವರನ್ನು ಎಂ.ಎ. ಪಾಸು ಮಾಡಿಸಿದ್ದಳು. ಕಂಪ್ಯೂಟರ್ ಬಂದ ಮೇಲೆ ಅವಳಿಗೆ ಆ ಕೆಲಸ ತಪ್ಪಿತು.

ಈ ಸಲ ಪಠ್ಯಪುಸ್ತಕ ಬದಲಾಯಿತು. ಅಚ್ಚಾದ ಪುಟವನ್ನೇ ಓದಬಲ್ಲ ಹೊಸ ಪ್ರೋಗ್ರಾಂ ಒಂದಿದೆ ಎಂದು ಕೇಳಿ, ಮರುದಿನದ ಪಾಠಕ್ಕೆ ಅದು ಬೇಕೇ ಬೇಕೆಂದು ಮೇಷ್ಟ್ರು ಸಂಜೆ ಮನೆಗೆ ಬಂದವರೇ ಇನ್‌ಸ್ಟಾಲ್ ಮಾಡಲು ಕೂತರು. ಕಂಪ್ಯೂಟರ್ ಒಪ್ಪಬೇಕಲ್ಲ! ಹೊಸ ಪ್ರೋಗ್ರಾಂ ನಡೆಯಲು ಬೇಕಾದ ಒಳಗಿನ ತಂತ್ರಾಂಶವೆಲ್ಲ ಇದರಲ್ಲಿ ಓಬೀರಾಯನ ಕಾಲದ್ದು. ಅದನ್ನು ಹೊಸದು ಮಾಡಿದರೆ, ಹಳೆಯದನ್ನೇ ನಂಬಿಕೊಂಡಿರುವ ಕೆಲವು ಪ್ರೋಗ್ರಾಂಗಳನ್ನು ಅಳಿಸಬೇಕಾಗುತ್ತದೆ ಎಂದು ಕಂಪ್ಯೂಟರ್ ಅವುಗಳ ಹೆಸರುಗಳನ್ನು ಓದತೊಡಗಿತು.

ಇಂಥ ಹೆಸರುಗಳನ್ನು ಮೇಷ್ಟ್ರು ಎಷ್ಟು ಕೇಳಿಲ್ಲ! ಮುಂದುವರಿಯಲೇ ಎಂದು ಅದು ಕೇಳಿದ್ದೇ ತಡ, ಹೌದು ಎನ್ನುವ ವೈ ಕೀಲಿ ಒತ್ತಿದರು. ಕಂಪ್ಯೂಟರ್ ಒಂದೊಂದನ್ನೇ ಅಳಿಸುತ್ತ, ಅಳಿಸಿದ್ದನ್ನು ಹೇಳುತ್ತ ಹೋಗಿ, ಮಾತಿನ ನಡುವೆ ತಟಕ್ಕನೆ ನಿಂತುಬಿಟ್ಟಿತು.

ಮೇಷ್ಟ್ರು ಕೀಲಿಗಳನ್ನೆಲ್ಲ ಕುಟ್ಟಿದರು. ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಉಸಿರಿಲ್ಲ. ಆಮೇಲೆ ನೆನಪಾಯಿತು: ಆ ಹೆಸರುಗಳ ನಡುವೆ ಓದಿ ಹೇಳುವ ಪ್ರೋಗ್ರಾಮಿನ ಹೆಸರೂ ಇತ್ತು. ತನ್ನ ಹೆಸರನ್ನು ಅದೇ ಓದಿ ಹೇಳಿತ್ತು. ಇವರು ಹೂಂ ಅಂದಿದ್ದರು.

ಬಟನ್ ಫೋನಿನಲ್ಲಿ ಕಡೂರಿಗೆ, ಕಂಪ್ಯೂಟರ್ ಓದುತ್ತಿರುವ ತಮ್ಮನ ಮಗಳು ಭೂಮಿಕಾಳಿಗೆ ಕರೆ ಮಾಡಿ ನಡೆದದ್ದು ಹೇಳಿದರು.

"ಅಯ್ಯಯ್ಯೋ ದೊಡ್ಡಪ್ಪಾ, ವೈ ಒತ್ಬಿಟ್ರಾ?" ಎಂದು ಅವಳೂ ಹೌಹಾರಿದಳು. "ಇರಿ, ವಾಪಸ್ ಹಾಕ್ಬೋದು. ಸ್ಕ್ರೀನ್ ಮೇಲೆ ಏನ್ ಬಂದೈತೆ, ದೊಡ್ಡಮ್ಮನ್ ಕೈಲಿ ಓದ್ಸಿ."

ಪ್ರತಿಮಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪರದೆಯ ಮುಂದೆ ನಿಂತಳು.

"ಓದೇ, ಹುಡುಗಿ ಕಾಯ್ತಾವ್ಳೆ."

"ಕಾಣ್ತಿಲ್ಲ ಕಣ್ರೀ."

"ಕನ್ನಡಕ ಹಾಕ್ಕೋ."

"ಹಾಕ್ಕೊಂಡೇ ಇದೀನಿ. ಎರಡು ವರ್ಷ ಆಯ್ತು, ಎಲ್ಲಾ ಮಂಜು ಮಂಜು. ಒಂದಕ್ಷರಾನೂ ಗುರುತು ಸಿಗಲ್ಲ."

ಮೇಷ್ಟ್ರು ಫೋನನ್ನು ಕಿವಿಯಿಂದ ಇಳಿಸಿದರು. "ಎರಡು ವರ್ಷ? ನಂಗ್ಯಾಕೆ ಹೇಳ್ಲಿಲ್ಲ?"

"ನೀವು ನಂಗೆ ಓದು ಅನ್ನೋದನ್ನೇ ಬಿಟ್ರಲ್ಲ. ಅಡುಗೆಗೆ ಈ ಕಣ್ಣು ಸಾಕಾಗ್ತಿತ್ತು," ಎಂದಳು ಪ್ರತಿಮಾ. ಅವಳ ದನಿಯಲ್ಲಿ ದೂರು ಇರಲಿಲ್ಲ. ಮೇಷ್ಟ್ರಿಗೆ ಅದನ್ನೇ ತಡೆಯಲಾಗಲಿಲ್ಲ. ಕಣ್ಣಿಲ್ಲದ ಬಾಳು ಏನೆಂದು ಬಲ್ಲವರು, ಒಂದೇ ಮನೆಯಲ್ಲಿದ್ದೂ ಇದನ್ನು ತಿಳಿಯದೆ ಹೋಗಿದ್ದರು.

ಫೋನಿನಲ್ಲಿ ಭೂಮಿಕಾ ಕೂಗುತ್ತಲೇ ಇದ್ದಳು: "ದೊಡ್ಡಪ್ಪಾ, ಏನ್ ಬಂದೈತೆ?"

"ಅದು ಹಾಳಾಗ್ಲಿ ಮಗಾ. ತರೀಕೆರೆಲಿ ಕಣ್ಣಿನ ಡಾಕ್ಟ್ರು ಬೆಳಿಗ್ಗೆ ಎಷ್ಟೊತ್ತಿಗೆ ಬತ್ತಾರೆ, ಮೊದ್ಲು ಅದನ್ನ ವಿಚಾರ್ಸು."

"ಬೆಳಿಗ್ಗೆ ನಿಮಗೆ ಪಾಠ ಐತಲ್ರೀ," ಎಂದಳು ಪ್ರತಿಮಾ.

ಮೇಷ್ಟ್ರು ತಡವಿ ಅವಳ ಮುಖ ಹುಡುಕಿ, ಕನ್ನಡಕ ತೆಗೆದು, ಮುಚ್ಚಿದ ರೆಪ್ಪೆಗಳ ಮೇಲೆ ಬೆರಳಿಟ್ಟರು.