ಹೆಗಲ ಮೇಲೇ ಇತ್ತು ಚೀಲ

"ಚೀಲ ಇಲ್ಲಂದ್ರ ಬದನಿಕಾಯಿ ಇಲ್ರಿ. ಮತ್ತ ಹರಾಜಿಗೆ ಹಚ್ತೀನಿ!"

ಶಿಗ್ಗಾವಿಯ ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ, ಕಾಣಿಕೆಯಾಗಿ ಬಂದ ಕಾಯಿಪಲ್ಲೆಯ ಹರಾಜು ಕೂಗುತ್ತಿದ್ದ ಅಕ್ಕ, ನಾನು ಜಿದ್ದಿನಿಂದ ಗೆದ್ದ ಬದನೆಕಾಯಿಗಳನ್ನು ಹಿಂದಕ್ಕೆಳೆದುಕೊಂಡರು. ಹಬ್ಬದಲ್ಲಿ ಪ್ಲಾಸ್ಟಿಕ್ ಬೇಡವೆಂದು ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದೆವು, ನಾನೂ ಕೂಡ. ಚೀಲ ತರುವುದು ಮಾತ್ರ ಮರೆತಿದ್ದೆ. ನಾನು ವ್ಯಾಪಾರಿಯಲ್ಲವೇ, ಒಂದೇ ಒಂದು ಪ್ಲಾಸ್ಟಿಕ್ ಕವರಿಗಾಗಿ ಚೌಕಾಸಿಗಿಳಿದೆ. ಅಕ್ಕ ಜಗ್ಗಲಿಲ್ಲ. ಹರಾಜಿನಲ್ಲಿ ಸೋತವರು ಮತ್ತೆ ಕೂಗಲು ಸಜ್ಜಾದರು.

ಆಗ ಮುಂದಿನ ಬೆಂಚಿನ ಅಜ್ಜಿ ನಕ್ಕರು: "ಸಾವ್ಕಾರ್ರ, ಹೆಗಲ ಮ್ಯಾಲಿನ ಟವೆಲ್ ಬರೇ ಬೆವರು ಒರಸಾಕೇನ್ರಿ?"

ಬದನೆಕಾಯಿ ಟವೆಲಿನಲ್ಲಿ ಗಂಟಾಗಿ ಮನೆ ಸೇರಿತು. ಸಂತೆಗೆ ಹೊರಟವರೇ, ಮೊದಲು ಚೀಲ, ಆಮೇಲೆ ಚೌಕಾಸಿ. ನನ್ನ ಸ್ಕೂಟರಿಗೆ ಈಗ ಎರಡು ಬಟ್ಟೆಚೀಲ ನೇತಾಡುತ್ತವೆ: ಒಂದು ನನಗೆ, ಇನ್ನೊಂದು ನನ್ನಂತೆ ಮರೆತು ಬಂದವರಿಗೆ.