ಪಾರ್ಥಿಯಾದ ರಾಜನಿಗೆ ಹುಣಸೆಹಣ್ಣು

ಆ ನಾಣ್ಯ ನನ್ನ ಬಳಿ ಮೂರು ವರ್ಷ ಕರ್ರಗೆ, ಕೊಳಕಾಗಿಯೇ ಇತ್ತು. ಅದರ ಬೆಲೆಯೆಲ್ಲ ಆ ಕೊಳಕಿನಲ್ಲೇ ಇದ್ದದ್ದು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಇರಾನ್, ಇರಾಕ್ ಕಡೆ ಆಳುತ್ತಿದ್ದ ಪಾರ್ಥಿಯನ್ ರಾಜರ ನಾಣ್ಯ ಅದು. ಹೆಸರಿಗೆ ಬೆಳ್ಳಿ. ಕೊನೆಕೊನೆಯ ರಾಜರು ಬೆಳ್ಳಿಗೆ ತಾಮ್ರ ಬೆರೆಸುತ್ತ ಬೆರೆಸುತ್ತ ಒಳಗೆಲ್ಲ ತಾಮ್ರವನ್ನೇ ತುಂಬಿಸಿಬಿಟ್ಟಿದ್ದರು. ಅಂಥ ಬಿಲ್ಲೆಯನ್ನು ಕಾಯಿಸಿ ಹುಳಿಯಲ್ಲಿ ಅದ್ದಿದರೆ ಮೇಲಿನ ತಾಮ್ರ ಕರಗಿ ತೆಳ್ಳನೆಯ ಬೆಳ್ಳಿಯ ಪದರ ಉಳಿಯುತ್ತದೆ. ಅದರ ಮೇಲೆ ರಾಜನ ಗಡ್ಡದ ಮುಖ ಒತ್ತಿದರೆ ಮುಗಿಯಿತು. ಇದನ್ನು ಮೊದಲು ಓದಿದ ದಿನ ನನಗೆ ಮೈಯೆಲ್ಲ ಉರಿದಿತ್ತು. ದಿನವಿಡೀ ದುಡಿದವನ ಕೈಗೆ ಇಂಥದ್ದನ್ನು ಇಡುವುದಕ್ಕೆ ಎಷ್ಟು ಧೈರ್ಯ ಬೇಕು!

ನಾಣ್ಯ ಮಾರುವವರು ಸಾಮಾನ್ಯವಾಗಿ ಎಲ್ಲವನ್ನೂ ಉಜ್ಜಿ ಹೊಳಪು ಮಾಡಿಯೇ ಮಾರುತ್ತಾರೆ. ನನ್ನದನ್ನು ಮಾತ್ರ ಯಾರೂ ಉಜ್ಜಿರಲಿಲ್ಲ. ಅದಕ್ಕೇ ಇಲ್ಲೇ ನ್ಯೂಜೆರ್ಸಿಯ ಪಿಸ್ಕಾಟವೇ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ, ನಮ್ಮ ಪರಿಚಯದ ಕನ್ನಡದವರ ಮಗಳೊಬ್ಬಳು ಅದನ್ನು ಕೇಳಿದ್ದಳು. ಟಂಕಸಾಲೆಯವರು ನಿಜವಾಗಿಯೂ ಹುಳಿಯಲ್ಲಿ ಅದ್ದುತ್ತಿದ್ದರೇ, ಆ ಪದರ ಎಷ್ಟು ದಪ್ಪ ಇರುತ್ತಿತ್ತು ಎನ್ನುವುದು ಅವಳ ಥೀಸಿಸ್‌ನ ಒಂದು ಇಡೀ ಅಧ್ಯಾಯ. ಯಾರೂ ತೊಳೆಯದ ನಾಣ್ಯ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಆ ಪದರ ಅಳೆಯುವ ಲ್ಯಾಬಿನ ಮೆಷಿನ್‌ಗಾಗಿ ನಾಲ್ಕು ತಿಂಗಳು ಕಾದ ಮೇಲೆ ಅವಳಿಗೆ ಒಂದು ಸೋಮವಾರ ಸಿಕ್ಕಿತ್ತು.

"ಆಂಟಿ, ಪ್ಲೀಸ್, ಅಲ್ಲೀವರೆಗೂ ಯಾರೂ ಟಚ್ ಮಾಡೋದ್ ಬೇಡ. ಬಟ್ಟೇಲಿ ಒರೆಸೋದೂ ಬೇಡ," ಅಂದಿದ್ದಳು.

ಅದರ ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ ಬಿತ್ತು. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆಗೆ ಹಬ್ಬದ ಹಿಂದಿನ ದಿನ ಮನೆಯಲ್ಲಿರುವ ಬೆಳ್ಳಿಯೆಲ್ಲ ಬೆಳಗಲೇಬೇಕು. ಒಂದು ಚಮಚ ಬಿಟ್ಟುಹೋದರೂ ಅವರಿಗೆ ಸಮಾಧಾನವಿಲ್ಲ. ಜರ್ಸಿ ಸಿಟಿಯ ಆಫೀಸಿನಿಂದ ನಾನು ಮನೆಗೆ ಬರುವ ಹೊತ್ತಿಗೆ ಬಿಳಿ ಟವೆಲ್ ಮೇಲೆ ದೀಪದ ಕಂಬ, ಪಂಚಪಾತ್ರೆ, ಕುಂಕುಮದ ಭರಣಿ ಸಾಲಾಗಿ ಕೂತಿದ್ದವು. ಸಾಲಿನ ಕೊನೆಯಲ್ಲಿ ನನ್ನ ರಾಜ. ಮೂಗಿನ ತುದಿ, ಕೆನ್ನೆ, ಗಡ್ಡ, ಎಲ್ಲ ಕೆಂಪಗೆ ತಾಮ್ರ.

ನನಗಿಂತ ಮೊದಲು ಅತ್ತೆಯೇ ಸಿಡಿದರು.

"ನೋಡು, ನಿಂಗೆ ಚೆನ್ನಾಗಿ ಟೋಪಿ ಹಾಕಿದಾರೆ! ಬೆಳಿಗ್ಗೆಯಿಂದ ಹುಣಸೆಹಣ್ಣಲ್ಲಿ ನೆನೆಸಿಟ್ಟೆ. ಕಪ್ಪು ಹೋಗ್ಲಿಲ್ಲ ಅಂತ ಸ್ಟೀಲ್ ನಾರು ಹಾಕಿ ತಿಕ್ಕಿದ್ರೆ ಒಳಗೆಲ್ಲ ತಾಮ್ರ. ಮೊದಲು ಆ ಅಂಗಡಿಯೋನಿಗೆ ಫೋನ್ ಮಾಡು!"

ಸ್ಟೀಲ್ ನಾರು! ಇಡ್ಲಿ ಪಾತ್ರೆಯ ತಳ ಉಜ್ಜುವ ನಾರು! ಇಷ್ಟು ಕಾಲ ಮಣ್ಣಿನೊಳಗೆ ಉಳಿದದ್ದು ನಮ್ಮ ಸಿಂಕಿನಲ್ಲಿ ಒಂದು ದಿನ ಉಳಿಯಲಿಲ್ಲವಲ್ಲ! ಸಾಲದ್ದಕ್ಕೆ ನನ್ನ ಗಂಡ ಸೋಫಾದಿಂದ, "ಹೋಗ್ಲಿ ಬಿಡು, ಇನ್ನೊಂದು ಆರ್ಡರ್ ಮಾಡಿದ್ರಾಯ್ತು," ಎಂದರು. ಅವರ ಕಡೆ ನಾನು ನೋಡಿದ ನೋಟಕ್ಕೆ ಎದ್ದು ಗರಾಜಿಗೆ ಹೋದರು.

"ನನ್ನ ಡ್ರಾಯರ್‌ಗೆ ಯಾಕೆ ಕೈ ಹಾಕಿದ್ರಿ ಅತ್ತೆ? ಒಂದು ಮಾತು ಕೇಳಬಾರದಿತ್ತಾ? ಇದರಲ್ಲಿ ತಾಮ್ರ ಇದೆ ಅಂತ ಗೊತ್ತಿದ್ದೇ ನಾನು ತಗೊಂಡಿದ್ದು!" ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರೆದುರು ನಾನು ಅಷ್ಟು ಜೋರಾಗಿ ಮಾತಾಡಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. "ಗೊತ್ತಿತ್ತಾ? ಮತ್ತೆ ಬೆಳ್ಳಿ ಅಂದ್ಯಲ್ಲ? ಹೋದ ಸಲ ನಾನು ಬಂದಾಗ ಕೇಳ್ದೆ, ಇಷ್ಟು ದುಡ್ಡು ಕೊಟ್ಟು ಈ ಕಸ ಯಾಕೆ ತಂದೆ ಅಂತ. ಅಪ್ಪಟ ಬೆಳ್ಳಿ ಅತ್ತೆ, ಅಂತ ನೀನೇ ಅಂದೆ. ತಾಮ್ರ ಅಂದಿದ್ರೆ ಲಕ್ಷ್ಮಿ ಮುಂದೆ ಇಡೋ ಬೆಳ್ಳೀಗೆ ಇದನ್ನ ಯಾಕಮ್ಮ ಸೇರಿಸ್ತಿದ್ದೆ?"

ಅಂದಿದ್ದೆ. ಆವತ್ತು ಅವರ ಬಾಯಿ ಮುಚ್ಚಿಸಿದರೆ ಸಾಕಾಗಿತ್ತು ನನಗೆ. ನಾಣ್ಯದ ಒಳಗೇನಿದೆ ಎಂದು ಎರಡು ನಿಮಿಷ ಕೂತು ಹೇಳಿದ್ದರೆ ಅವರಿಗೆ ಖಂಡಿತ ಅರ್ಥವಾಗುತ್ತಿತ್ತು. ಈ ಮುದುಕಿಗೇನು ತಿಳಿಯುತ್ತದೆ ಎಂದುಕೊಂಡು ಹೇಳಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಫೋನ್ ಎತ್ತಿಕೊಂಡು ಹೊರಗೆ ಡ್ರೈವ್‌ವೇಗೆ ಬಂದು ಆ ಹುಡುಗಿಗೆ ಎಲ್ಲ ಹೇಳಿದೆ: ಹುಣಸೆಹಣ್ಣು, ನಾರು, ಅತ್ತೆ. ಅತ್ತೆಯ ಹೆಸರನ್ನಂತೂ ಎರಡೆರಡು ಸಲ ಎತ್ತಿದೆ.

ನಾಲ್ಕು ತಿಂಗಳು ಕಾದಿದ್ದವಳು. ಅಳು ತಡೆದುಕೊಂಡೇ ಕೇಳಿದಳು:

"ಆಂಟಿ, ಅದು ಏನು ಅಂತ ನೀವು ಅವರಿಗೆ ಹೇಳೇ ಇರ್ಲಿಲ್ವಾ?"

"ಹೇಳಿದ್ದೆ," ಅಂದೆ. "ಬೆಳ್ಳಿ ಅಂತ ಹೇಳಿದ್ದೆ."