ಹಿದಿರ್ ಆಗಾನ ತಾಮ್ರದ ಮುಚ್ಚಳ

ಕುರಿಮಂದೆ ಕಾಯುವ ನಾಯಿಗಳಿಗೆ ಹೆಸರಾದ ನಮ್ಮ ಸಿವಾಸ್ ಸೀಮೆಯ ಪ್ರತಿ ಊರಿನಲ್ಲೂ ನಾಯಿಮರಿಗಳ ಗುಣ ಹೇಳುವ ಮಹಾಪಂಡಿತನೊಬ್ಬ ಇರುತ್ತಾನೆ. ನಮ್ಮೂರಿನವನು ನನ್ನ ಗೆಳೆಯ ಹಿದಿರ್ ಆಗಾ, ಹೋದ ವಾರ ಮಣ್ಣು ಸೇರಿದ. ಕುರಿಗಾಹಿಗಳಿಗೆ ಮರಿ ಕೊಡುವ ಮುನ್ನ ಅವುಗಳ ಬೆನ್ನ ಹಿಂದೆ ತಾಮ್ರದ ಮುಚ್ಚಳವೊಂದನ್ನು ಕಲ್ಲಿನ ಮೇಲೆ ಬೀಳಿಸುತ್ತಿದ್ದ. ಆ ಸದ್ದಿಗೆ ಎಲ್ಲರಿಗಿಂತ ಮೊದಲು ಬೆಚ್ಚುತ್ತಿದ್ದವನು ಅವನೇ. ತೀರ್ಪು ಮಾತ್ರ ನ್ಯಾಯಾಧೀಶನ ಗತ್ತಿನಲ್ಲಿ: ಸದ್ದಿನತ್ತ ಬಂದ ಮರಿ ತೋಳಗಳಿಗೆ ಯಮ, ನಿಂತು ನೋಡಿದ್ದು ಮಂದೆ ಕಾಯಲು, ನಿದ್ದೆ ಮುಂದುವರಿಸಿದ್ದು ಊರ ಮುಖಂಡನಿಗೆ. "ಇಬ್ಬರೂ ಚೆನ್ನಾಗಿ ಹೊಂದ್ಕೋತಾರೆ ಬಿಡಿ," ಎನ್ನುತ್ತಿದ್ದ. ಅವನು ಪಾಸು ಮಾಡಿದ ವೀರರಲ್ಲಿ ಅರ್ಧದಷ್ಟು, ತೋಳ ಕಂಡ ಕೂಡಲೇ ಕುರಿಗಳಿಗಿಂತ ಮೊದಲು ಮನೆ ಸೇರುತ್ತಿದ್ದವು. ಕುರಿಗಾಹಿ ದುರ್ಸುನ್ ಜಗಳಕ್ಕೆ ಬಂದರೆ, "ಮರಿ ಸರಿಯಾಗೇ ಇತ್ತು ಕಣೋ, ನಿನ್ನ ಮನೆ ರೊಟ್ಟಿ ತಿಂದು ಹಾಳಾಯ್ತು!" ಎಂದು ಅವನ ಮೇಲೆಯೇ ಹಾಯುತ್ತಿದ್ದ. ಈ ಸಲದ ಕೊನೆಯ ಮರಿಯಂತೂ ಮುಚ್ಚಳ ಬಿದ್ದಾಗಲೆಲ್ಲ ಓಡಿಹೋಗಿ ಅವನ ಉಣ್ಣೆಯ ಕೋಟಿನೊಳಗೆ ತಲೆ ತೂರಿಸುತ್ತಿತ್ತು. "ಅದನ್ನೇ ಕೊಟ್ಬಿಡು ಆಗಾ, ಬಾಗಿಲಲ್ಲಾದ್ರೂ ಬೊಗಳ್ಕೊಂಡಿರುತ್ತೆ," ಎಂದು ದುರ್ಸುನ್ ಕೇಳಿದಾಗಲೆಲ್ಲ ಒಂದೇ ಉತ್ತರ: "ಇನ್ನೂ ಪಾಸಾಗಿಲ್ಲ. ಇನ್ನೊಂದ್ಸಲ ಪರೀಕ್ಷೆ ಮಾಡಿ ನೋಡೋಣ." ಚಳಿಗಾಲವಿಡೀ ಆ ಪರೀಕ್ಷೆ ಮುಗಿಯಲೇ ಇಲ್ಲ. ಮೊನ್ನೆ ಅವನ ಹೆಸರಿನಲ್ಲಿ ಹಂಚುವ ಹಲ್ವಾ ಮಗುಚುವಾಗ, ಅವನ ಹೆಂಡತಿ ಝೆಲಿಹಾಳ ಕೈಯಿಂದ ಅದೇ ಮುಚ್ಚಳ ಜಾರಿ ಬಿತ್ತು. ಆ ಹೇಡಿ ಮರಿ ಅಂಗಳದಾಚೆಯಿಂದ ಸದ್ದಿನತ್ತಲೇ ಓಡಿಬಂದು, ನಮ್ಮೆಲ್ಲರ ಕೋಟುಗಳನ್ನು ಒಂದೊಂದಾಗಿ ಮೂಸಿ, ಬಾಗಿಲಿಗೆ ಮುಖ ಮಾಡಿ ಕೂತಿತು. "ಪಾಸಾಯ್ತಲ್ಲ ಅಕ್ಕಾ, ಇನ್ನು ನನಗೆ ಕೊಡು," ಎಂದ ದುರ್ಸುನ್. ಝೆಲಿಹಾ ಮುಚ್ಚಳವನ್ನು ತಲೆವಸ್ತ್ರದ ತುದಿಯಿಂದ ಒರೆಸುತ್ತ ಹೇಳಿದಳು, "ಇನ್ನೊಂದ್ಸಲ ಪರೀಕ್ಷೆ ಮಾಡಿ ನೋಡೋಣ."